ಪ್ರೇಮದ ನಡುವೆ ಬಂದು ಕೂತ ಸರ್ಕಾರ

ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬೀದಿಗಿಳಿದ ಅಮೆರಿಕನ್ನರು, ಈಗ ಎಪ್ಪತ್ತು ದಾಟಿದವರು, ತಮ್ಮ ಅಂದಿನ ಪ್ರೇಮಕಥೆ ತೆಗೆದರೆ ಕೇಳುವವರಿಗೆ ಸಣ್ಣ ಅಸಹನೆ. ಮೆರವಣಿಗೆ, ಗಿಟಾರು, ಮುಡಿಯಲ್ಲೊಂದು ಹೂವು. ಇದರಲ್ಲಿ ಇತಿಹಾಸ ಎಲ್ಲಿದೆ, ವಯಸ್ಸಾದವರ ಹಳಹಳಿಕೆ ತಾನೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಡ್ಡಾಯ ಸೇನಾಭರ್ತಿಯ ಕಾನೂನು ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಎಷ್ಟು ಒಳಗೆ ಬಂದು ಕೂತಿತ್ತು ಎಂಬುದಕ್ಕೆ ಈ ನೆನಪುಗಳಿಗಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

1963ರಲ್ಲಿ ಅಧ್ಯಕ್ಷ ಕೆನಡಿ, ಮದುವೆಯಾದವರನ್ನು ಸೇನೆಗೆ ಕರೆಯುವ ಸರದಿಯಲ್ಲಿ ಹಿಂದಕ್ಕೆ ಹಾಕಿದ್ದರು. 1965ರ ಆಗಸ್ಟ್ 26ರಂದು ಅಧ್ಯಕ್ಷ ಜಾನ್ಸನ್, ಆ ದಿನದ ನಂತರ ಮದುವೆಯಾಗುವ ಮಕ್ಕಳಿಲ್ಲದವರಿಗೆ ಈ ರಿಯಾಯಿತಿ ಇಲ್ಲವೆಂದರು. ಮಧ್ಯರಾತ್ರಿಯೊಳಗೆ ಮದುವೆ ಮುಗಿಸಲು ಜೋಡಿಗಳು ಲಾಸ್ ವೇಗಸ್‌ಗೆ ಓಡಿದವು. ಮಗುವಿದ್ದವರಿಗೆ ವಿನಾಯಿತಿ ಉಳಿಯಿತು; ಹೊಸ ತಂದೆಯರಿಗೆ ಅದು ತಪ್ಪಿದ್ದು 1970ರಲ್ಲಿ. ಅಂದರೆ ಯಾವಾಗ ಮದುವೆ, ಯಾವಾಗ ಮಗು ಎಂಬ ಎರಡೂ ಪ್ರಶ್ನೆಗಳಿಗೆ ವಾಷಿಂಗ್ಟನ್ ಗಡುವು ಕೊಡುತ್ತಿತ್ತು. 1969ರ ಡಿಸೆಂಬರ್ 1ರಂದು, ಯಾರನ್ನು ಮೊದಲು ಸೇನೆಗೆ ಕರೆಯಬೇಕೆಂದು ನಿರ್ಧರಿಸಲು ಲಾಟರಿಯೇ ಬಂತು. ಟಿವಿ ಕ್ಯಾಮೆರಾಗಳ ಮುಂದೆ ಗಾಜಿನ ಪಾತ್ರೆಯಿಂದ ಹುಟ್ಟಿದ ದಿನಾಂಕಗಳನ್ನು ಒಂದೊಂದಾಗಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಅಂದು ಹುಟ್ಟಿದವನನ್ನು ಮೆಚ್ಚಿಕೊಂಡಿದ್ದವಳಿಗೆ ಆ ಮೇಲೆ ವಿದೇಶಾಂಗ ನೀತಿ ದೂರದ ಸಂಗತಿಯಾಗಿ ಉಳಿದಿರಲಾರದು.

ನೆನಪು ಕಹಿಯನ್ನು ಸೋಸಿ ಸಿಹಿಯನ್ನಷ್ಟೇ ಉಳಿಸುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಗಾಯಕಿ ಜೋನ್ ಬೇಯಜ್ ತನ್ನ ಇಬ್ಬರು ಸೋದರಿಯರೊಂದಿಗೆ ಕಾಣಿಸಿಕೊಂಡ 1968ರ ಭಿತ್ತಿಚಿತ್ರವನ್ನೇ ನೋಡಿ: ಸೇನೆಗೆ ಒಲ್ಲೆ ಎಂದ ಹುಡುಗರಿಗೆ ಹುಡುಗಿಯರು ಒಪ್ಪುತ್ತಾರೆ ಎಂಬುದು ಅದರ ಘೋಷಣೆ. ಹೆಣ್ಣಿನ ಒಲವನ್ನು ಬಹುಮಾನವಾಗಿಸಿದ ಆ ಮಾತಿಗೆ ಸ್ತ್ರೀವಾದಿಗಳು ಸಿಟ್ಟಾದದ್ದು ಸರಿಯೇ. 1969ರ ಜನವರಿಯಲ್ಲಿ ವಾಷಿಂಗ್ಟನ್ನಿನ ಯುದ್ಧವಿರೋಧಿ ಸಭೆಯೊಂದರಲ್ಲೇ ಮಾತಾಡಲು ನಿಂತ ಹೆಂಗಸರನ್ನು ಗಂಡಸರು ಕೂಗಿ ಅವಮಾನಿಸಿದ್ದರು. ಆದರೆ ಇದನ್ನೂ ನಾವು ಬಲ್ಲೆವಾದರೆ ಅದಕ್ಕೆ ಕಾರಣ ಆ ಹೆಂಗಸರು ನೆನಪಿಟ್ಟು ಹೇಳಿದ್ದು. ಬೇಯಜ್ ಬದುಕೂ ಭಿತ್ತಿಚಿತ್ರದಷ್ಟು ಸರಳವಾಗಿರಲಿಲ್ಲ. 1968ರಲ್ಲಿ ಅವರು ಮದುವೆಯಾದ ಡೇವಿಡ್ ಹ್ಯಾರಿಸ್ ಸೇನೆಗೆ ಸೇರಲು ನಿರಾಕರಿಸಿ ಮರುವರ್ಷ ಜೈಲಿಗೆ ಹೋದರು. ಮಗ ಹುಟ್ಟಿದಾಗ ತಂದೆ ಸೆರೆಯಲ್ಲಿದ್ದರು. ಬಿಡುಗಡೆಯಾದ ಮೇಲೆ ಸಂಸಾರ ಬಹುಕಾಲ ಉಳಿಯಲಿಲ್ಲ, 1973ರಲ್ಲಿ ವಿಚ್ಛೇದನ. ಹೂವಿನ ಕಥೆ ಹೇಳುವವರು ಇಷ್ಟನ್ನೂ ಹೇಳಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬಾಂಬು ಬಿದ್ದದ್ದು ಅಮೆರಿಕದ ಬರ್ಕ್ಲಿಯ ಮೇಲಲ್ಲ. ಕ್ಯಾಂಪಸ್ಸಿನ ಪ್ರೇಮಿಗಳ ಸಂಕಟಕ್ಕೆ ಇಷ್ಟೊಂದು ಜಾಗ ಯಾಕೆ? ನಿಜ, ಆ ಜಾಗ ಹಂಚಿಕೆಯಾಗಲೇಬೇಕು. ವಿಯೆಟ್ನಾಂನ ಕ್ವಾಂಗ್ ನಾಯ್ ಪ್ರಾಂತ್ಯದ ಕಾಡಿನ ಆಸ್ಪತ್ರೆಗಳಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ವೈದ್ಯೆ ದಾಂಗ್ ತುಯ್ ತ್ರಾಮ್ ತನ್ನ ದಿನಚರಿಯಲ್ಲಿ ಕೈಗೂಡದ ಪ್ರೇಮದ ಬಗ್ಗೆಯೂ ಬರೆದುಕೊಂಡಿದ್ದಳು. 1970ರ ಜೂನ್‌ನಲ್ಲಿ ಅಮೆರಿಕನ್ ಸೈನಿಕರ ಗುಂಡಿಗೆ ಸತ್ತಾಗ ಅವಳಿಗೆ 27. ಸುಟ್ಟುಹಾಕಬೇಕಿದ್ದ ಆ ದಿನಚರಿಯನ್ನು ಅಮೆರಿಕನ್ ಸೇನೆಯ ಫ್ರೆಡ್ ವೈಟ್‌ಹರ್ಸ್ಟ್ ಮನೆಗೊಯ್ದು ಕಾಪಾಡಿದರು. 2005ರಲ್ಲಿ ಅದರ ಪ್ರತಿ ಅವಳ ತಾಯಿಗೆ ತಲುಪಿತು, ಅದೇ ವರ್ಷ ದಿನಚರಿ ವಿಯೆಟ್ನಾಂನಲ್ಲಿ ಪುಸ್ತಕವಾಗಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಯುದ್ಧ ಕಾಣದ ಅಲ್ಲಿನ ಹೊಸ ತಲೆಮಾರು ಅದನ್ನು ಮುಗಿಬಿದ್ದು ಓದಿತು. ವೀರಗಾಥೆಗಳು ಆ ದೇಶದಲ್ಲಿ ಮೊದಲೇ ಬೇಕಾದಷ್ಟಿದ್ದವು.