ಯಂತ್ರ ಬಂತು, ಸೂಜಿ ಹಿಡಿಯುವ ಕೈ ಎಲ್ಲಿ?

ಸರ್ಕಾರಿ ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರಗಳು ಬಂದಿವೆ. ಕೇಂದ್ರ ಸರ್ಕಾರ 2016ರಲ್ಲಿ ಸಾರಿದ ರಾಷ್ಟ್ರೀಯ ಕಾರ್ಯಕ್ರಮದಿಂದ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ಸಿಗುವಂತಾಯಿತು. ಸಂತೋಷ. ಮಂತ್ರಿಗಳು ಯಂತ್ರಗಳ ಲೆಕ್ಕ ಒಪ್ಪಿಸುತ್ತಾರೆ. ಆದರೆ ಯಂತ್ರಕ್ಕೂ ರೋಗಿಯ ತೋಳಿಗೂ ನಡುವೆ ಎರಡು ಸೂಜಿಗಳಿವೆ. ಅವನ್ನು ಯಾರು ಚುಚ್ಚುತ್ತಾರೆ, ಎಲ್ಲಿ ಚುಚ್ಚುತ್ತಾರೆ ಎಂದು ಕೇಳುವವರಿಲ್ಲ.

ಮೂತ್ರಪಿಂಡ ಸೋತವನ ತೋಳಿನಲ್ಲಿ ಅಪಧಮನಿಯನ್ನು ಅಭಿಧಮನಿಗೆ ಕೂಡಿಸಿ ಹೊಲಿಯುತ್ತಾರೆ. ಫಿಸ್ಟುಲಾ ಎಂಬ ಈ ಉಪಾಯವನ್ನು ನ್ಯೂಯಾರ್ಕಿನ ಬ್ರೆಶಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಲೋಕಕ್ಕೆ ತಿಳಿಸಿದರು. ಕೆಲವು ವಾರಗಳಲ್ಲಿ ನಾಳ ಹಿಗ್ಗಿ ಬಲಿಯುತ್ತದೆ. ಒಂದು ಸೂಜಿ ರಕ್ತವನ್ನು ಯಂತ್ರಕ್ಕೆ ಒಯ್ಯುತ್ತದೆ. ಇನ್ನೊಂದು ಶುದ್ಧವಾದ ರಕ್ತವನ್ನು ಮರಳಿಸುತ್ತದೆ. ವಾರಕ್ಕೆ 3 ಸಲವೆಂದರೆ ವರ್ಷಕ್ಕೆ 312 ಚುಚ್ಚು!

ಸುಲಭವೆಂದು ಪ್ರತಿಸಲವೂ ಅದೇ ಅಂಗೈಯಗಲ ಜಾಗದಲ್ಲಿ ಚುಚ್ಚಿದರೆ ನಾಳದ ಗೋಡೆ ಸಡಿಲಾಗಿ ಉಬ್ಬುತ್ತದೆ; ಪಕ್ಕದಲ್ಲಿ ಕಿರಿದಾಗುತ್ತದೆ. ಏಣಿಯ ಮೆಟ್ಟಿಲಿನಂತೆ ಜಾಗ ಬದಲಿಸುತ್ತ ಹೋದರೆ ಹಳೆಯ ಗಾಯ ಮಾಯುತ್ತದೆ. ಬೇಕೆಂದೇ ಒಂದೇ ರಂಧ್ರವನ್ನು ಬಳಸುವ ಕ್ರಮವೂ ಉಂಟು. ಅದಕ್ಕೆ ಇನ್ನೂ ಪಳಗಿದ ಕೈ ಬೇಕು, ತಪ್ಪಿದರೆ ನಂಜು. ಎರಡು ಮೊನೆಗಳು ತೀರ ಹತ್ತಿರವಾದರೆ ಶುದ್ಧವಾದ ರಕ್ತವೇ ಮತ್ತೆ ಯಂತ್ರಕ್ಕೆ ಹೋಗುತ್ತದೆ. 4 ಗಂಟೆ ಮಲಗಿದ್ದೂ ಮೈಯ ವಿಷ ಪೂರ್ತಿ ಇಳಿಯದು. ಮರಳಿಸುವ ಸೂಜಿ ಕಳಚಿತೋ, ನಿಮಿಷಕ್ಕೆ 300 ಮಿಲಿಲೀಟರ್ ಓಟದಲ್ಲಿ ಮೂರೂವರೆ ನಿಮಿಷದೊಳಗೆ ಒಂದು ಲೀಟರ್ ರಕ್ತ ನೆಲದ ಪಾಲು. ಯಂತ್ರ ಆಗ ಕೂಗಿಯೇ ಕೂಗುತ್ತದೆಂಬ ಭರವಸೆಯಿಲ್ಲ. ಪಕ್ಕದಲ್ಲಿ ಮನುಷ್ಯನ ಕಣ್ಣು ಬೇಕು.

ಆ ಮನುಷ್ಯನನ್ನು ಸರ್ಕಾರ ಯಾರ ಕೈಗೆ ಒಪ್ಪಿಸಿದೆ? ಕಾರ್ಯಕ್ರಮದ ಮೂಲ ಮಾದರಿಯಲ್ಲಿ ಸ್ಥಳ, ನೀರು, ವಿದ್ಯುತ್ತು ಸರ್ಕಾರದ್ದು. ಯಂತ್ರ, ಸಿಬ್ಬಂದಿ ಖಾಸಗಿಯವರದು. ಒಂದು ಸಲದ ಡಯಾಲಿಸಿಸಿಗೆ ಇಷ್ಟು ಎಂದು ಹಣ. ಹೀಗೆ ಹಣ ಪಡೆಯುವವನಿಗೆ ಸಂಬಳವೆಂಬುದು ಬರಿಯ ಖರ್ಚು. ಕಡಮೆ ಜನ, ಕಡಮೆ ಕೂಲಿ, ಹೆಚ್ಚು ಸರದಿ ಎಂಬುದೇ ಲಾಭದ ಗಣಿತ. ಭದ್ರತೆಯಿಲ್ಲದ ಕೆಲಸದಲ್ಲಿ ಅನುಭವಸ್ಥರು ನಿಲ್ಲುವುದಿಲ್ಲ. ಹೊಸಬ ತಡಕಾಡುತ್ತಾನೆ, ಅದರ ಬೆಲೆ ತೆರುವುದು ರೋಗಿಯ ತೋಳು.

ಆದುದರಿಂದ ನಮ್ಮ ಒತ್ತಾಯ ಇಷ್ಟೆ: ಸೂಜಿ ಹಿಡಿಯುವವರಿಗೆ ಕಾಯಂ ನೌಕರಿ ಮತ್ತು ತರಬೇತಿ ಕೊಡಿ. ಒಬ್ಬರಿಗೆ ಎಷ್ಟು ರೋಗಿಗಳು ಎಂಬ ಮಿತಿ ಗೊತ್ತುಮಾಡಿ. ಯಾವ ದಿನ ಎಲ್ಲಿ ಚುಚ್ಚಿದರೆಂದು ತೋರಿಸುವ ತೋಳಿನ ನಕ್ಷೆ ಪ್ರತಿ ರೋಗಿಯ ಕೈಯಲ್ಲೂ ಇರಲಿ. ಅದು ಕೈಯಲ್ಲಿದ್ದರೆ, "ಮೊನ್ನೆ ಚುಚ್ಚಿದಲ್ಲೇ ಏಕೆ?" ಎಂದು ಕೂಲಿಕಾರನೂ ಕೇಳಬಲ್ಲ. ಉಚಿತ ಚಿಕಿತ್ಸೆ ಯಾರೂ ಕೊಟ್ಟ ಭಿಕ್ಷೆಯಲ್ಲ. ಕೇಳುವುದು ಅವನ ಹಕ್ಕು.