ಕಬ್ಬಿಣ ಎತ್ತಿದ ಪ್ರಶ್ನೆ

ನಮ್ಮ ದ್ವಿತೀಯ ಪಿಯುಸಿ ಫಿಸಿಕ್ಸ್‌ನ ಒಂದೇ ಅಧ್ಯಾಯದಲ್ಲಿ ಕಬ್ಬಿಣವೂ ಇದೆ, ಸೂಪರ್‌ಕಂಡಕ್ಟರ್ ಕೂಡ ಇದೆ. ಒಂದು ಕಾಂತಕ್ಕೆ ಅಂಟುತ್ತದೆ, ಇನ್ನೊಂದು ಕಾಂತಕ್ಷೇತ್ರವನ್ನೇ ಹೊರದೂಡುತ್ತದೆ. ಇವೆರಡೂ ಕೂಡುವುದು ಕಷ್ಟ ಎಂದೇ ಹೆಚ್ಚಿನ ವಿಜ್ಞಾನಿಗಳು ನಂಬಿದ್ದರು. ಆದರೆ 2008ರಲ್ಲಿ ಜಪಾನಿನ ಹಿದೆಯೊ ಹೊಸೊನೊ ತಂಡ, ಕಬ್ಬಿಣ ಮತ್ತು ಆರ್ಸೆನಿಕ್ ಇರುವ ಸಂಯುಕ್ತದಲ್ಲಿ 26 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡಿತು. ಒಂದನ್ನೊಂದು ದೂಡುವ ಇಲೆಕ್ಟ್ರಾನ್‌ಗಳೇ ಅಲ್ಲಿ ಸ್ಪಿನ್‌ಗಳ ಏರಿಳಿತದಿಂದ ಜೋಡಿಯಾಗುತ್ತವೆ ಎಂಬುದು ಬಹಳ ಜನರ ಅಭಿಪ್ರಾಯ. ಚರ್ಚೆ ಇನ್ನೂ ಮುಗಿದಿಲ್ಲ.

ಇದು ದೂರದ ಮಾತಲ್ಲ. 1987ರಲ್ಲೇ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಅತಿವಾಹಕಗಳ ಮೇಲೆ ಕೆಲಸ ಮಾಡಿತ್ತು.

ಗೆಳೆಯರೇ, ನಾವು ಮಾತ್ರ "ಇದು ಪರೀಕ್ಷೆಗೆ ಬರುತ್ತಾ?" ಎಂದಷ್ಟೇ ಕೇಳುತ್ತೇವೆ. ವಾರಕ್ಕೊಂದಾದರೂ "ಯಾಕೆ?" ನೋಟಿಸ್ ಬೋರ್ಡಿಗೆ ಏರಲಿ. ಭೋಜದಿಂದಲೂ ಉತ್ತರ ಹುಡುಕುವವರು ಹೊರಡಬೇಕು.