ಆಶೀರ್ವಾದ ಬೇಡ, ಬಿಲ್ ಕೊಡಿ

ಹೊಸಪೇಟೆಯ ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಒಂದು ಖಾನಾವಳಿಯಿದೆ. ಹೆಸರು ಬೇಡ. ಸಂಡೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಡಿಗ್ರಿ ಓದುತ್ತಿದ್ದ ಮೂರು ವರ್ಷ ನನ್ನ ಮಧ್ಯಾಹ್ನದ ಊಟ ಅಲ್ಲೇ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು. ಯಜಮಾನರು ನನ್ನನ್ನು ‘ತಮ್ಮಾ’ ಅನ್ನುತ್ತಿದ್ದರು. ತಿಂಗಳ ಕೊನೆಗೆ ದುಡ್ಡಿಲ್ಲದಿದ್ದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಿದವರಲ್ಲ.

ಒಂಬತ್ತು ವರ್ಷಗಳ ನಂತರ ಕಳೆದ ತಿಂಗಳು ಅದೇ ಬಾಗಿಲಿಗೆ ಹೋದೆ. ಈಗ ನನ್ನ ಹೆಸರು ಬೇರೆ, ಉಟ್ಟಿದ್ದು ಸೀರೆ, ಚೀಲದಲ್ಲಿ ಜಿಲ್ಲಾಧಿಕಾರಿ ಸಹಿಯ ಗುರುತಿನ ಪ್ರಮಾಣಪತ್ರ. ಹಸಿವು ಮಾತ್ರ ಹಳೆಯದೇ.

ಒಳಗೆ ಕಾಲಿಡುವ ಮೊದಲೇ ಗಲ್ಲಾದ ಹುಡುಗ ಹತ್ತು ರೂಪಾಯಿ ನೋಟು ಚಾಚಿದ. ‘ಮುಂದಕ್ಕ ಹೋಗವ್ವ’ ಅಂದ. ಊಟಕ್ಕೆ ಬಂದಿದ್ದೇನೆ ಅಂದೆ. ಅವನು ಯಜಮಾನರ ಮುಖ ನೋಡಿದ. ಅವರು ಎದ್ದು ಬಂದು, ‘ಪಾರ್ಸಲ್ ಕಟ್ಟಿಸಿ ಕೊಡ್ತೀನ್ರಿ, ಫ್ಯಾಮಿಲಿ ಮಂದಿ ಕುಂತಾರ’ ಅಂದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ನಾನೂ ಹೇಳಲಿಲ್ಲ. ‘ನಿಮ್ಮ ಆ ತಮ್ಮನೇ ನಾನು’ ಎಂದಿದ್ದರೆ ಬಹುಶಃ ಕುರ್ಚಿ ಸಿಗುತ್ತಿತ್ತು. ಆದರೆ ಹಳೆಯ ಪರಿಚಯಕ್ಕೆ ಸಿಗುವ ಕುರ್ಚಿ, ನಾಳೆ ಪರಿಚಯವಿಲ್ಲದ ಇನ್ನೊಬ್ಬಳು ಬಂದಾಗ ಸಿಗುವುದಿಲ್ಲ. ನಾನು ಮಾತಾಡದೆ ಹೋಗಿ ಖಾಲಿ ಟೇಬಲ್ಲಿಗೆ ಕೂತೆ.

ಪಾರ್ಸಲ್ ಎಂಬುದು ಕೇಳಲು ಸೌಜನ್ಯದ ಮಾತು. ಊಟ ಇಲ್ಲ ಎಂದಂತೂ ಅಲ್ಲವಲ್ಲ! ಆದರೆ ನಮ್ಮ ಊರುಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದ ಕಾಲದಲ್ಲೂ ಚಹಾ ಇಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಚಹಾ ಕೊಡುತ್ತಿದ್ದರು, ಹೊರಗೆ ಕೊಡುತ್ತಿದ್ದರು. ಎರಡು ಅನ್ಯಾಯಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ, ಆ ನೋವಿನ ಆಳ ಬೇರೆ. ಆದರೆ ಅನ್ನ ಕೊಟ್ಟು ಜಾಗ ಕೊಡದಿರುವ ಈ ಉಪಾಯ ಅಲ್ಲಿಂದಲೇ ಬಂದದ್ದು. ಅದಕ್ಕೆಂದೇ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳನ್ನು ಹೆಸರಿಟ್ಟು ಹೇಳುತ್ತದೆ: ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಅಲ್ಲಿನ ‘ಲಿಂಗ’ದಲ್ಲಿ ನಾವೂ ಸೇರಿದ್ದೇವೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. 2019ರ ಕಾಯ್ದೆಯೂ ಸಾರ್ವಜನಿಕ ಸೇವೆ ನಿರಾಕರಿಸುವುದನ್ನು ನಿಷೇಧಿಸಿತು.

‘ಗಿರಾಕಿಗಳಿಗೆ ಮುಜುಗರ ಆಗ್ತದ, ವ್ಯಾಪಾರ ಕೆಡ್ತದ’ ಎನ್ನುವವರ ಭಯ ಸುಳ್ಳಲ್ಲ. ಆದರೆ ಇಲ್ಲಿಂದ ಸ್ವಲ್ಪ ದೂರದ ಹಂಪಿಗೆ ಹೋಗಿ ನೋಡಿ. ಯಾವ ದೇಶದವರು, ಯಾವ ಉಡುಪಿನವರು ಬಂದರೂ ಮೊದಲು ಮೆನು ಕೊಡುತ್ತಾರೆ. ಮುಜುಗರವನ್ನು ಅಭ್ಯಾಸ ಮಾಡಿಕೊಳ್ಳುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಯಾರಿಗಾಗಿ ಅಭ್ಯಾಸ ಮಾಡಿಕೊಳ್ಳಬೇಕು ಎನ್ನುವುದಷ್ಟೇ ಪ್ರಶ್ನೆ.

ಗುರುತು ಬದಲಾಗುವುದೂ ಈ ಊರಿಗೆ ಹೊಸದಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಬಂತು. 2021ರಲ್ಲಿ ಊರು ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಪಕ್ಕದ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆ ಖಾನಾವಳಿಯ ಬೋರ್ಡಿನಲ್ಲೂ ಜಿಲ್ಲೆಯ ಹೆಸರು ತಿದ್ದಿದ್ದಾರೆ. ಊರು ತನ್ನ ಹೆಸರು ಬದಲಿಸಿಕೊಂಡಾಗ ಪಟಾಕಿ ಹೊಡೆದವರಿಗೆ ನನ್ನ ಹೆಸರು ಯಾಕೆ ಇಷ್ಟು ಭಾರ?

ಕೂತೆ ಅಂದೆನಲ್ಲ, ಕೊನೆಗೆ ಊಟ ಬಂತು. ಎಣ್ಣೆಗಾಯಿ ಅದೇ ರುಚಿ, ಗುರೆಳ್ಳಿನ ಘಮ ಕೂಡ ಅದೇ. ಪಕ್ಕದ ಟೇಬಲ್ಲಿನ ಇಬ್ಬರು ಕಾಲೇಜು ಹುಡುಗರು ತಲೆ ತಗ್ಗಿಸಿ ಉಂಡು ಹೋದರು. ಕೈ ತೊಳೆದು ಬಂದು ದುಡ್ಡು ಕೊಡಹೋದರೆ ಯಜಮಾನರು ಕೈ ಮುಗಿದರು: ‘ನಿಮ್ಮಂಥೋರ ಹತ್ರ ತಗೊಂಡ್ರ ಪಾಪ ಬರ್ತದ. ಹುಲಿಗೆಮ್ಮನ ಹೆಸರ ಮ್ಯಾಲೆ ಆಶೀರ್ವಾದ ಮಾಡ್ರಿ ಸಾಕು.’

ಬಾಗಿಲಲ್ಲಿ ಭಿಕ್ಷುಕಿ, ಗಲ್ಲಾದ ಮುಂದೆ ದೇವತೆ. ಮಧ್ಯದಲ್ಲಿ ಒಂದು ಗಳಿಗೆಯಾದರೂ ಗಿರಾಕಿ ಆಗಲು ನನಗೆ ಬಿಡಲಿಲ್ಲ. ನನ್ನ ಕೋಪ ಹೆಚ್ಚಾದದ್ದು ಆ ಹತ್ತು ರೂಪಾಯಿಗಲ್ಲ, ಈ ಕೈಮುಗಿತಕ್ಕೆ. ಹುಲಿಗಿಯ ಹುಣ್ಣಿಮೆಯ ಜನಜಂಗುಳಿಯಲ್ಲಿ ಜೋಗತಿಯರ ಕಾಲಿಗೆ ಬೀಳುವವರು ಅವರಿಗೆ ಬಾಡಿಗೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ. ಆಮೇಲೆ ‘ಇವರು ದುಡಿಯಲ್ಲ, ಬೇಡ್ತಾರೆ’ ಎನ್ನುತ್ತಾರೆ. ಪೂಜೆಯಿಂದ ಅವರಿಗೆ ಆಗುವ ಖರ್ಚು ಏನೂ ಇಲ್ಲ. ಸಮಾನತೆಗೆ ಒಂದು ಕುರ್ಚಿ ಖರ್ಚಾಗುತ್ತದೆ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳಿಗೆ ಅವರು ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋವನ್ನು ‘ನಮ್ಮ ಜಿಲ್ಲೆಯ ಹೆಮ್ಮೆ’ ಎಂದು ಹಂಚಿಕೊಳ್ಳದ ಫೋನು ಇಲ್ಲಿರಲಿಲ್ಲ. ಹಂಚಿಕೊಂಡವರನ್ನು ಕೇಳುತ್ತೇನೆ: ಪದ್ಮಶ್ರೀ ಇಲ್ಲದ, ಹಾಡಲು ಬಾರದ, ಆಶೀರ್ವಾದ ಮಾಡಲು ಇಷ್ಟವಿಲ್ಲದ ಒಬ್ಬಳು ಹಸಿದು ಬಂದರೆ ಅವಳಿಗೆ ಎಲ್ಲಿ ಜಾಗ?

ಇದನ್ನು ಓದುವ ವಿದ್ಯಾರ್ಥಿಗಳಿಗೂ ಒಂದು ಮಾತು. ಜಾನಪದದ ತರಗತಿಯಲ್ಲಿ ನಮ್ಮ ಚೌಡಿಕೆ ಪದಗಳಿಗೆ ಟಿಪ್ಪಣಿ ಬರೆಯುತ್ತೀರಿ, ಸೆಮಿನಾರಿನಲ್ಲಿ ನಮ್ಮ ಬಗ್ಗೆ ಮಾತಾಡುತ್ತೀರಿ. ಸಂತೋಷ. ಮುಂದಿನ ಸಲ ಹೋಟೆಲಿನಲ್ಲಿ ‘ಪಾರ್ಸಲ್’ ಎಂಬ ಮಾತು ಕೇಳಿಸಿದರೆ ತಲೆ ತಗ್ಗಿಸಬೇಡಿ. ‘ಇಲ್ಲಿ ಜಾಗ ಐತಿ, ಬರ್ರಿ ಅಕ್ಕ’ ಎಂದರೆ ಸಾಕು.

ಊಟದ ದುಡ್ಡನ್ನು ಗಲ್ಲಾದ ಮೇಲಿಟ್ಟು ಬಿಲ್ ಕೇಳಿದೆ. ಯಜಮಾನರು ಬಹಳ ಹೊತ್ತು ನೋಡಿ ಚೀಟಿ ಹರಿದುಕೊಟ್ಟರು. ಅದನ್ನು ಪ್ರಮಾಣಪತ್ರದ ಜೊತೆಗೇ ಇಟ್ಟುಕೊಂಡಿದ್ದೇನೆ. ಬರುವ ಶನಿವಾರ ಮತ್ತೆ ಹೋಗುತ್ತೇನೆ, ಗೆಳತಿಯನ್ನೂ ಕರೆದುಕೊಂಡು. ಎರಡು ಊಟ, ಒಂದು ಬಿಲ್.